ನಡುಗೋಡೆಯ ಗೆದ್ದಲು

ಆ ಮನೆಗೆ ನಾನು ಮೂರನೇ ಸಲ ಹೋದಾಗ, ಬಾಗಿಲಲ್ಲಿ ನಿಂತಿದ್ದ ಯಜಮಾನರು ಒಳಗೆ ಬನ್ನಿ ಅನ್ನಲಿಲ್ಲ. "ನಿಮ್ಮ ಔಷಧಿ ಗೆದ್ದಲಿಗೆ ಟಾನಿಕ್ ಆದಂಗೈತೆ ಕಣ್ರೀ. ಮುಂಚೆ ಇಷ್ಟು ಪುಷ್ಟಿಯಾಗಿರ್ಲಿಲ್ಲ," ಅಂದರು.

ನನ್ನ ಜೊತೆಗಾರ ಮುಖ ಆ ಕಡೆ ತಿರುಗಿಸಿ ನಕ್ಕ. ನನಗೆ ನಗು ಬರಲಿಲ್ಲ. ಒಂದೇ ಮನೆ, ಒಂದೇ ಗೋಡೆ, ಆರು ತಿಂಗಳೊಳಗೆ ಮೂರನೇ ಸಲ. ಗೆದ್ದಲಿಗೆ ಔಷಧಿ ಹಾಕುವವನಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ತಿಪಟೂರಿನಿಂದ ಬೈಕಿನಲ್ಲಿ ಬರುವಾಗ ದಾರಿಯುದ್ದಕ್ಕೂ ಜಿಟಿಜಿಟಿ ಮಳೆ, ಬೆನ್ನಿಗೆ ಕಟ್ಟಿದ ಕ್ಯಾನು, ಹಿಂದೆ ಕೂತವನ ಮಡಿಲಲ್ಲಿ ಡ್ರಿಲ್ಲಿಂಗ್ ಮಷಿನ್ನು. ಶೆಟ್ಟಿಕೆರೆ ದಾಟಿ ತೋಟಗಳ ನಡುವಿನ ಮಣ್ಣುದಾರಿಗೆ ಇಳಿದಾಗ ಬೈಕು ಎರಡು ಸಲ ಜಾರಿತ್ತು. ಇಷ್ಟೆಲ್ಲ ಆಗಿ ಬಂದವನಿಗೆ ಟಾನಿಕ್ಕಿನ ಮಾತು.

ಮೊದಲ ಸಲ ಹೋಗಿದ್ದು ಬೇಸಿಗೆಯ ಶುರುವಿನಲ್ಲಿ. ಅದೊಂದು ಹಳೆಯ ದೊಡ್ಡ ಹೆಂಚಿನ ಮನೆಯ ಅರ್ಧ ಭಾಗ. ಜಗಲಿಯ ನಡುವೆ ಎದೆಮಟ್ಟದ ಗೋಡೆ ಎಬ್ಬಿಸಿದ್ದರು. ಆ ಕಡೆ ಅಣ್ಣನ ಪಾಲು, ಈ ಕಡೆ ತಮ್ಮನ ಪಾಲು. ನನ್ನನ್ನು ಕರೆಸಿದ್ದು ತಮ್ಮ. ಜಗಲಿಯ ಗೋಡೆ ಅಂದೇ ನನ್ನ ಕಣ್ಣಿಗೆ ಬಿದ್ದಿತ್ತು. ಮನೆ ಮನೆಯ ಕತೆ ನಮಗ್ಯಾಕೆ ಎಂದು ಸುಮ್ಮನಾಗಿದ್ದೆ. ನನ್ನ ತಪ್ಪು ಅಲ್ಲಿಂದಲೇ ಶುರುವಾಯಿತು.

ಕರೆಸಿದ ಕಾರಣ, ಮನೆಯೊಳಗೆ ಎರಡು ಪಾಲಿನ ನಡುಗೋಡೆಗೆ ಅಂಟಿಕೊಂಡಿದ್ದ ದೇವರಮನೆಯ ಬಾಗಿಲಿನ ಚೌಕಟ್ಟು. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ, ಹೊಸ ಬಣ್ಣ ಥಳಥಳ ಅನ್ನುತ್ತಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಮಾತ್ರ ಹಪ್ಪಳದ ಹಾಗೆ ಒಳಗೆ ಹೋಗುತ್ತಿತ್ತು. ಗೆದ್ದಲಿನ ಕೆಲಸವೇ ಹಾಗೆ. ಬಣ್ಣವನ್ನು ತಿನ್ನುವುದಿಲ್ಲ. ಮರ ತಿಂದು, ಬಣ್ಣದ ಸಿಪ್ಪೆಯನ್ನು ನಮಗೆ ಬಿಟ್ಟುಕೊಡುತ್ತದೆ.

"ಕುಟ್ಟೆ ಹಿಡ್ದಿರಬೇಕು ಅಂದ್ಕಂಡಿದ್ದೆ," ಅಂದರು ಯಜಮಾನರು.

ಕುಟ್ಟೆ ಬೇರೆ, ಗೆದ್ದಲು ಬೇರೆ. ಇದನ್ನು ನಾನು ಎಷ್ಟು ಮನೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಕುಟ್ಟೆ ಹುಳ ತಿಂದರೆ ಮರದ ಮೇಲೆ ಸೂಜಿ ಚುಚ್ಚಿದಂಥ ತೂತು, ಕೆಳಗೆ ಗೋಧಿಹಿಟ್ಟಿನಂಥ ಪುಡಿ. ಗೆದ್ದಲು ತಿಂದರೆ ಹಿಟ್ಟು ಬೀಳುವುದಿಲ್ಲ, ಮಣ್ಣು ಬರುತ್ತದೆ. ಅದಕ್ಕೆ ಬೆಳಕು ಆಗದು, ಒಣಗಾಳಿ ಆಗದು. ಹೋಗುವ ದಾರಿಗೆಲ್ಲ ಪೆನ್ಸಿಲ್ ದಪ್ಪದ ಮಣ್ಣಿನ ಕೊಳವೆ ಕಟ್ಟಿಕೊಂಡು ಅದರೊಳಗೆ ಓಡಾಡುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಮರವನ್ನು ತಟ್ಟಿದರೆ, ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತದೆ, ತಿಂದ ಕಡೆ ಡಬ್ ಅನ್ನುತ್ತದೆ. ಹಳ್ಳಿಯಲ್ಲಿ ಹಲಸಿನ ಹಣ್ಣು ತಟ್ಟಿ ನೋಡಿದ ಯಾರಿಗೂ ಈ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ಆದರೂ ಬಾಗಿಲು ಕಳಚಿ ಕೈಗೆ ಬರುವ ತನಕ ಯಾರೂ ತಟ್ಟಿ ನೋಡುವುದಿಲ್ಲ.

ಅವರು ಆಗಲೇ ಮನೆಮದ್ದುಗಳನ್ನೆಲ್ಲ ಮುಗಿಸಿದ್ದರು. ಸೀಮೆಎಣ್ಣೆ ಹಚ್ಚಿದ್ದರು, ಉಪ್ಪುನೀರು ಸುರಿದಿದ್ದರು, ಟ್ರ್ಯಾಕ್ಟರಿನ ಸುಟ್ಟ ಎಂಜಿನ್ ಆಯಿಲ್ ಬಳಿದಿದ್ದರು. ಆ ಜಿಡ್ಡಿನ ಮೇಲೆ ಮತ್ತೆ ಬಣ್ಣ ಹೊಡೆಸಿದ್ದರು. ಗೂಡು ನೆಲದೊಳಗೋ ಗೋಡೆಯೊಳಗೋ ಇರುವಾಗ ಬಾಗಿಲಿಗೆ ಎಣ್ಣೆ ಬಳಿದರೆ ಏನು ಬಂತು? ಎರಡು ದಿನ ಈ ಬಾಗಿಲು ಬಿಟ್ಟು ಇನ್ನೊಂದನ್ನು ಹುಡುಕಿಕೊಳ್ಳುತ್ತವೆ, ಅಷ್ಟೆ.

ನಾವು ಕ್ರಮವಾಗಿಯೇ ಮಾಡಿದೆವು. ಗೋಡೆ ನೆಲಕ್ಕೆ ಸೇರುವ ಅಂಚಿನಲ್ಲಿ ಅಡಿಗೊಂದರಂತೆ ತೂತು ಕೊರೆದು, ಪ್ರತಿ ತೂತಿಗೂ ಔಷಧಿ ಇಳಿಸಿ, ಇನ್ನು ಕುಡಿಯುವುದಿಲ್ಲ ಎಂದು ನೆಲ ವಾಪಸ್ಸು ಉಗುಳುವವರೆಗೂ ಬಿಟ್ಟು, ಮೇಲೆ ಬಿಳಿ ಸಿಮೆಂಟಿನಿಂದ ಮುಚ್ಚಿದೆವು. ಚೌಕಟ್ಟು ಕಿತ್ತು ಹಿತ್ತಲಲ್ಲಿ ಸುಟ್ಟೆವು. ಹೊರಗೋಡೆಗೆ ಒರಗಿಸಿದ್ದ ತೆಂಗಿನ ಗರಿ, ಮಟ್ಟೆ, ಸಿಪ್ಪೆಯ ರಾಶಿಯನ್ನೆಲ್ಲ ದೂರ ಹಾಕಿಸಿದೆ. "ಇನ್ನು ಐದು ವರ್ಷ ಯೋಚನೆ ಮಾಡ್ಬೇಡಿ," ಎಂದು ಗ್ಯಾರಂಟಿ ಕೊಟ್ಟು ಬಂದೆ.

ಐದು ವರ್ಷ ಇರಲಿ, ಮುಂಗಾರಿನ ಎರಡನೇ ಮಳೆಗೇ ಫೋನು ಬಂತು. ಅದೇ ನಡುಗೋಡೆಯ ಮೇಲೆ ನೇತುಹಾಕಿದ್ದ ಕ್ಯಾಲೆಂಡರ್ ಎತ್ತಿದರೆ ಹಿಂದೆ ಮಣ್ಣಿನ ಕೊಳವೆ. ಕ್ಯಾಲೆಂಡರಿನ ಆಷಾಢದಿಂದ ಕಾರ್ತಿಕದವರೆಗಿನ ಹಾಳೆಗಳ ಮೂಲೆಗಳನ್ನು ಆಗಲೇ ತಿಂದಿದ್ದವು.

ಎರಡನೇ ಸಲ ನಾವು ಮಾಡಿದ್ದು ದಡ್ಡತನ. ಔಷಧಿಯ ಕ್ಯಾನಿನ ಮೇಲೆ ಅನುಮಾನಪಟ್ಟು ಹೊಸ ಕ್ಯಾನು ತಂದೆ. ಜೊತೆಗಾರನ ಮೇಲೆ ಹರಿಹಾಯ್ದೆ. ಅವನು ನನಗಿಂತ ಹತ್ತು ವರ್ಷ ದೊಡ್ಡವನು, ಮೊದಲು ಬೋರ್‌ವೆಲ್ ಕೆಲಸ ಮಾಡುತ್ತಿದ್ದವನು. ಬೈದರೆ ಸುಮ್ಮನಿರುವ ಆಸಾಮಿಯಲ್ಲ.

"ನೀರು ಜಾಸ್ತಿ ಮಾಡಿದ್ದು ನೀನೇ ಕಣ್ಲಾ. ನಾನು ಅಳತೆ ಜಗ್ಗಲ್ಲೇ ಹುಯ್ದಿದ್ದು," ಅಂದ.

"ಅಣ್ಣ, ಅಳತೆ ಸರಿ ಇದ್ದಿದ್ರೆ ಇವು ಹೆಂಗೆ ಬತ್ತಿದ್ವು?"

"ಅದನ್ನ ಗೆದ್ದಲ್ನ ಕೇಳು. ನನ್ನೇನು ಕೇಳ್ತೀಯ?"

ಹಳೆಯ ತೂತುಗಳ ನಡುನಡುವೆ ಹೊಸ ತೂತು ಕೊರೆದೆವು. ಕೆಂಪು ಗಾರೆಯ ಆ ಚೆಂದದ ನೆಲ ಜರಡಿಯ ಹಾಗಾಯಿತು. ಯಜಮಾನರ ಹೆಂಡತಿ ಬಂದು ನೋಡಿ, ಪೊರಕೆ ತಂದು ಗಾರೆಯ ಪುಡಿ ಗುಡಿಸಿ ಒಳಗೆ ಹೋದರು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಈಗ ಮೂರನೇ ಸಲ. ಕೊಳವೆ ಕ್ಯಾಲೆಂಡರಿನ ಜಾಗ ಬಿಟ್ಟು ಇನ್ನೂ ಎಡಕ್ಕೆ, ಎರಡು ಕವಲಾಗಿ ಇಳಿದಿತ್ತು. ಜೊತೆಗಾರ ಡ್ರಿಲ್ಲಿಗೆ ವೈರು ಸಿಕ್ಕಿಸಲು ಹೋದ. ನಾನು ಬೇಡ ಅಂದೆ. ಒಂದು ಸ್ಟೂಲು ಕೇಳಿ ತೆಗೆದುಕೊಂಡು ಗೋಡೆಯ ಎದುರು ಕೂತೆ. ಯಜಮಾನರಿಗೆ ರೇಗಿತು. "ಸಿನಿಮಾ ನೋಡಕ್ಕೆ ಬಂದ್ರಾ?" ಅಂದರು.

ಕೊಳವೆಯನ್ನು ಮೂರು ಕಡೆ ಎರಡೆರಡು ಬೆರಳಿನಷ್ಟು ಒಡೆದೆ. ಒಡೆದ ಕಡೆ ಯಾವ ತುದಿಯಿಂದ ಹುಳ ಬಂದು ರಿಪೇರಿ ಶುರುಮಾಡುತ್ತವೋ ಆ ಕಡೆ ಗೂಡಿದೆ ಎಂದು ಅರ್ಥ. ಮೊದಲ ದಿನವೇ ಇದನ್ನು ಮಾಡಬೇಕಿತ್ತು. ಗೆದ್ದಲು ನೆಲದಿಂದಲೇ ಹತ್ತುತ್ತದೆ ಎಂಬುದು ಎಷ್ಟು ಅಭ್ಯಾಸವಾಗಿತ್ತೆಂದರೆ ಪರೀಕ್ಷೆ ಮಾಡಬೇಕು ಅಂತಲೇ ಅನ್ನಿಸಿರಲಿಲ್ಲ. ಅರ್ಧ ಗಂಟೆ ಕೂತೆ. ಕೆಳಗಿನ ತುದಿಗಳಲ್ಲಿ ಒಂದೆರಡು ಹುಳ ದಾರಿ ತಪ್ಪಿದವರ ಹಾಗೆ ಸುತ್ತಾಡಿ ಒಳಗೆ ಹೋದವು. ಮೇಲಿನ ತುದಿಗಳಲ್ಲಿ ಮಾತ್ರ ದೊಡ್ಡ ತಲೆಯ ಕಾವಲು ಹುಳಗಳು ಬಂದು ನಿಂತವು. ಅವುಗಳ ಹಿಂದೆ ಕೆಲಸದ ಹುಳಗಳು ಒಂದೊಂದೇ ಮಣ್ಣಿನ ಹರಳು ತಂದು ಅಂಟಿಸತೊಡಗಿದವು. ಕವಲುಗಳ ಹೊಸದಾಗಿ ಕಟ್ಟುತ್ತಿದ್ದ ಹಸಿ ತುದಿ ನೋಡಿದೆ. ಅದೂ ಕೆಳಗೇ ಇತ್ತು, ಒದ್ದೆಯಾಗಿ ಕಪ್ಪಗೆ.

ಇವು ನೆಲದಿಂದ ಹತ್ತುತ್ತಿರಲಿಲ್ಲ. ಗೋಡೆಯಿಂದ ಇಳಿದು ಬರುತ್ತಿದ್ದವು. ನಾವು ಎರಡು ಸಲ ಗೋಡೆಯ ಬುಡಕ್ಕೆ ಔಷಧಿ ಕುಡಿಸಿದ್ದೆವು. ಅವು ಗೋಡೆಯ ಹೊಟ್ಟೆಯಲ್ಲಿ ಆರಾಮಾಗಿದ್ದವು.

"ಈ ಗೋಡೆ ಆಚೆ ಏನೈತೆ?" ಎಂದು ಕೇಳಿದೆ.

ಯಜಮಾನರ ಮುಖ ಬಿಗಿಯಿತು. "ಅದು ನಮ್ದಲ್ಲ," ಅಂದರು.

"ನಿಮ್ದಲ್ಲ ಸರಿ. ಯಾರದ್ದಾದ್ರೂ ಇರ್ಬೇಕಲ್ಲ. ಅಡುಗೆಮನೆಯಾ, ಬಚ್ಚಲಾ?"

"ನಾನು ಆ ಕಡೆ ಕಾಲಿಟ್ಟು ಹನ್ನೊಂದು ವರ್ಷ ಆಯ್ತು. ಏನೇನು ಮಾಡ್ಕಂಡವ್ರೋ ನಂಗೇನು ಗೊತ್ತು?"

ಅಷ್ಟು ಹೇಳಿ ಹಿತ್ತಲಿಗೆ ಹೊರಟುಹೋದರು.

ಗೆದ್ದಲಿಗೆ ಪಾಲುಪತ್ರ ಓದಲು ಬರುವುದಿಲ್ಲ. ಅರ್ಧ ಮನೆಗೆ ಔಷಧಿ ಹಾಕುವುದೆಂದರೆ ಅರ್ಧ ಬಾವಿಗೆ ಬಲೆ ಹಾಕಿದ ಹಾಗೆ. ನಾನು ಜಗಲಿ ಇಳಿದು, ಸುತ್ತಿ, ಆ ಕಡೆಯ ಮೆಟ್ಟಿಲು ಹತ್ತಿದೆ.

ಹಿರಿಯವರು ಬಾಗಿಲಲ್ಲಿ ಕೂತು ಬಾಯಿಗೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಹಣೆಯ ಮೇಲೆ ವಿಭೂತಿ, ಹೆಗಲ ಮೇಲೆ ಟವೆಲ್ಲು. ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನೋಡಿದರು. ನಾನು ಬಂದ ಕಾರಣ ಹೇಳಿದೆ.

"ಅವನು ಕಳಿಸಿದ್ನಾ?"

"ಯಾರೂ ಕಳ್ಸಿಲ್ಲ ಯಜಮಾನ್ರೇ. ಗೆದ್ದಲು ಈ ಕಡೆಯಿಂದ ಬತ್ತಾ ಐತೆ. ಒಂದು ಸಲ ಗೋಡೆ ನೋಡ್ತೀನಿ ಅಷ್ಟೆ."

"ನಮ್ಮನೇಲಿ ಗೆದ್ದಲಿಲ್ಲ. ನಮ್ದು ಬೇವಿನ ತೊಲೆ. ಕಹಿ. ಗೆದ್ದಲು ಮೂಸೂ ನೋಡಲ್ಲ."

"ಹಳೇದಾದ ಮೇಲೆ, ನೀರು ಕುಡಿದ ಮೇಲೆ, ಬೇವೂ ಒಂದೇ ಮಾವೂ ಒಂದೇ."

"ಏನ್ರೀ, ನನಗೆ ಮರ ಹೇಳ್ಕೊಡ್ತೀರಾ? ನನ್ನ ಅಟ್ಟದ ಮೇಲೆ ಮೂರು ಸಾವಿರ ಕಾಯಿ ಅವೆ. ಇನ್ನು ಎರಡು ತಿಂಗಳಿಗೆ ಗಿಟುಕಾಗ್ತವೆ. ನಿಮ್ಮ ಔಷಧಿ ವಾಸನೆ ಹತ್ತಿದ್ರೆ ಕೊಬ್ಬರಿ ಯಾರು ಮುಟ್ತಾರೆ? ಅದೇ ಬೇಕಾಗೈತೆ ಅವನಿಗೆ."

ಔಷಧಿಯ ಮಾತಿನಲ್ಲಿ ನ್ಯಾಯವಿತ್ತು. ನಮ್ಮ ಸೀಮೆಯಲ್ಲಿ ಕಾಯಿಯನ್ನು ಇಡಿಯಾಗಿ ಅಟ್ಟದ ಮೇಲೆ ಹರಡಿ ವರ್ಷವಿಡೀ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಆರಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ, ಅದೇ ಗಿಟುಕು. ಅಂಥ ತಿನ್ನುವ ಪದಾರ್ಥದ ಹತ್ತಿರ ನಾನೂ ಔಷಧಿ ತರುವವನಲ್ಲ. ಬರೀ ನೋಡುತ್ತೇನೆ ಎಂದು ಇನ್ನೊಂದು ಸಲ ಹೇಳಿದೆ. ಅವರು ಎದ್ದು ಎಲೆಯಡಿಕೆ ಉಗಿಯಲು ಹೋದರು. ನನಗದು ಉತ್ತರ.

ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಬಾಗಿಲಿಗೆ ಬಂದರು. ಹೊಸ್ತಿಲ ಮೂಲೆಯಲ್ಲಿ ಗುಡಿಸಿಟ್ಟ ಕಸದ ನಡುವೆ ಏನೋ ಹೊಳೆಯುತ್ತಿತ್ತು. ಬಗ್ಗಿ ನೋಡಿದೆ. ರೆಕ್ಕೆಗಳು, ಈರುಳ್ಳಿಯ ಒಳಸಿಪ್ಪೆಯಂಥವು, ಎಲ್ಲವೂ ಒಂದೇ ಅಳತೆಯವು. ಗೆದ್ದಲಿಗೆ ರೆಕ್ಕೆ ಬಂದು ಮಳೆಗೆ ಎದ್ದರೆ ಅದನ್ನೇ ಈ ಕಡೆ ಈಸಲು ಹುಳ ಅನ್ನುವುದು. ಇರುವೆಗೂ ರೆಕ್ಕೆ ಬರುತ್ತದೆ. ಅದರ ಮುಂದಿನ ರೆಕ್ಕೆ ದೊಡ್ಡದು, ಹಿಂದಿನದು ಚಿಕ್ಕದು. ಈಸಲಿನ ನಾಲ್ಕೂ ರೆಕ್ಕೆ ಸಮ.

"ಅಕ್ಕ, ಇವು ದೀಪಕ್ಕೆ ಅಂತ ಹೊರಗಿಂದ ಬಂದ್ವಾ?" ಎಂದು ಕೇಳಿದೆ.

"ಇಲ್ಲ ಕಣಣ್ಣ. ಬಾಣಂತಿ ಕೋಣೆ ಗೋಡೆಯಿಂದ್ಲೇ ಎದ್ವು. ಬುಗುಬುಗು ಅಂತ—"

"ನೀನು ಒಳಿಕ್ಕೆ ಹೋಗೆ," ಅಂದರು ಹಿಂದೆ ಬಂದ ಯಜಮಾನರು.

ಆಕೆ ಒಳಗೆ ಹೋದರು. ಈಸಲು ಹೊರಗಿನಿಂದ ಬಂದರೆ ಅದು ಊರಿನ ಗೆದ್ದಲು. ಗೋಡೆಯೊಳಗಿಂದ ಎದ್ದರೆ ಅದು ಮನೆಯ ಗೆದ್ದಲು, ವರ್ಷಗಟ್ಟಲೆ ಬೆಳೆದ ಗೂಡು. ಅದನ್ನು ಹೇಳಲು ಬಾಯಿ ತೆರೆದೆ. ಬಾಗಿಲು ಮುಚ್ಚಿತು.

ಈ ಕಡೆ ಬಂದು ಕಿರಿಯವರಿಗೆ ವಿಷಯ ಹೇಳಿದರೆ, "ಬೀಳ್ಲಿ ಬುಡಿ. ನಮ್ಮ ಕಡೆಗೆ ಬರದಂಗೆ ಏನಾರಾ ಮಾಡಿ," ಅಂದರು. ನಾನು ಸಾಮಾನು ಕಟ್ಟಿಕೊಂಡೆ. ಜಗಳವಾಡಲೂ ಶಕ್ತಿ ಉಳಿದಿರಲಿಲ್ಲ. ದಾರಿಯಲ್ಲಿ ಜೊತೆಗಾರ, "ಈ ಮನೆ ಕೈಬುಡು. ಇವರಿಗೆ ಗೆದ್ದಲೇ ಸರಿ," ಅಂದ. ನನಗೂ ಹಾಗೇ ಅನ್ನಿಸಿತ್ತು. ಬಾಣಂತಿ ಕೋಣೆ ಎಂಬ ಮಾತು ಮಾತ್ರ ಕಿವಿಯಲ್ಲಿ ಉಳಿದಿತ್ತು.

ಎರಡು ದಿನದ ಮೇಲೆ, ಬೆಳಿಗ್ಗೆ ಹತ್ತರ ಹೊತ್ತಿಗೆ, ಹಿರಿಯವರ ಹೆಂಡತಿ ತಿಪಟೂರಿನ ನನ್ನ ಮಳಿಗೆ ಹುಡುಕಿಕೊಂಡು ಬಂದರು. ಮಗಳಿಗೆ ಔಷಧಿ ತರುತ್ತೇನೆಂದು ಮನೆಯಲ್ಲಿ ಹೇಳಿ ಬಸ್ ಹತ್ತಿದ್ದರಂತೆ. ಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಮೇಜಿನ ಮೇಲೆ ಸುರಿದರು. ಕೆಮ್ಮಣ್ಣಿನ ಹರಳು, ಅದರ ನಡುವೆ ಕಾಗದದಷ್ಟು ತೆಳ್ಳಗಾದ ಮರದ ಚೂರು.

"ದಿನಾ ಬೆಳಿಗ್ಗೆ ಮಂಚದ ಮೇಲೆ ಇಷ್ಟಿಷ್ಟು ಬಿದ್ದಿರ್ತದೆ. ಹೆಂಚಿನ ಧೂಳು ಅಂತಾರೆ ನಮ್ಮನೆಯವ್ರು. ಇದು ಧೂಳೇನಣ್ಣ?"

"ಮಂಚದಲ್ಲಿ ಯಾರು ಮಲಗ್ತಾರೆ ಅಕ್ಕ?"

"ಮಗಳು. ಬಾಣಂತನಕ್ಕೆ ಬಂದವ್ಳೆ. ಮಗೀಗೆ ಇಪ್ಪತ್ತು ದಿನ. ಅಟ್ಟದ ಕೆಳಗೆ ಬೆಚ್ಚಗಿರ್ತದೆ, ಗಾಳಿ ಬರಲ್ಲ ಅಂತ ಅದೇ ಕೋಣೆ ಕೊಟ್ಟಿದ್ದೀವಿ."

ಮರದ ಚೂರೊಂದನ್ನು ಬೆರಳಲ್ಲಿ ಉಜ್ಜಿದೆ, ಪುಡಿಯಾಯಿತು. "ಬಾಗಿಲು ಸರಿಯಾಗಿ ಹಾಕಕ್ಕೆ ಬತ್ತದಾ?"

ಆಕೆ ನನ್ನನ್ನೇ ನೋಡಿದರು. "ನಿಮಗೆ ಹೆಂಗೆ ಗೊತ್ತಾಯ್ತು? ಒಂದು ತಿಂಗಳಿಂದ ಮೇಲ್ಗಡೆ ಹಿಡಿಯುತ್ತೆ. ಮಳೆಗೆ ಉಬ್ಬೈತೆ ಅಂತ ನಾನೇ ಎರಡು ಸಲ ಹೆರೆದೆ. ಮತ್ತೂ ಹಿಡಿಯುತ್ತೆ."

ಬಾಗಿಲು ಮಳೆಗೆ ಉಬ್ಬುವುದು ನಿಜ. ಎರಡು ಸಲ ಹೆರೆದ ಮೇಲೂ ಮೇಲ್ಗಡೆಯೇ ಹಿಡಿದರೆ ಬಾಗಿಲು ಬೆಳೆಯುತ್ತಿಲ್ಲ, ಮೇಲಿರುವುದು ಇಳಿಯುತ್ತಿದೆ.

ಕೆಲಸದಲ್ಲಿ ನನಗೊಂದು ನಿಯಮವಿದೆ. ಯಜಮಾನರ ಒಪ್ಪಿಗೆ ಇಲ್ಲದೆ ಯಾವ ಮನೆಯ ಒಳಗೂ ಹೋಗುವುದಿಲ್ಲ. ಅಂದು ಅದನ್ನು ಮುರಿದೆ. ಮಳಿಗೆಗೆ ಬೀಗ ಹಾಕಿ, ಜೊತೆಗಾರನಿಗೆ ಫೋನು ಮಾಡಿ ನೇರ ಆ ಮನೆಗೇ ಬರಲು ಹೇಳಿ, ಆಕೆಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ. ಔಷಧಿಯ ಕ್ಯಾನು ಮುಟ್ಟಲಿಲ್ಲ. ಸ್ಕ್ರೂಡ್ರೈವರು, ಟಾರ್ಚು, ಅಷ್ಟೆ.

ಹಿರಿಯವರು ತೋಟಕ್ಕೆ ಹೋಗಿದ್ದರು. ಕೋಣೆಯಲ್ಲಿ ಮಗಳು ಮಗುವಿಗೆ ಹಾಲು ಕುಡಿಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು, "ತಾಯಿ, ಮಗೂನ ಎತ್ಕಂಡು ಈಗ್ಲೇ ಹೊರಗೆ ಬಾಮ್ಮ," ಅಂದೆ. ಅವಳು ಬಂದ ಮೇಲೆಯೇ ಒಳಗೆ ಹೋದೆ. ಟಾರ್ಚು ಬಿಟ್ಟೆ. ತೊಲೆಯ ನಡುಭಾಗ ತಟ್ಟಿದರೆ ಟಣ್ ಅಂದಿತು. ಹೊರಗೋಡೆಯ ಕಡೆ ಟಣ್. ನಡುಗೋಡೆಗೆ ಎರಡಡಿ ಇರುವಾಗ ಡಬ್. ಗೋಡೆಗೆ ಸೇರುವಲ್ಲಿ ಸ್ಕ್ರೂಡ್ರೈವರ್ ಒತ್ತಿದೆ. ಮುದ್ದೆಗೆ ಬೆರಳು ಇಳಿದ ಹಾಗೆ ಹಿಡಿಯವರೆಗೂ ಇಳಿಯಿತು. ಮೇಲೆ ಮೂರು ಸಾವಿರ ಕಾಯಿ. ಕೆಳಗೆ ಮಂಚ, ತೊಟ್ಟಿಲು.

ಅಷ್ಟು ಹೊತ್ತಿಗೆ ತೋಟದಿಂದ ಹಿರಿಯವರು ಬಂದರು. "ಯಾರನ್ನ ಕೇಳಿ ಒಳಿಕ್ಕೆ ಬಂದ್ರಿ?" ಎಂದು ಕೂಗಿದರು. ಆಕೆ, "ನಾನೇ ಕರ್ಕೊಂಡು ಬಂದೆ," ಅಂದರು. ಅವರು ಇನ್ನೂ ಜೋರಾಗಿ ಕೂಗಿದರು. ನನಗೆ ಆರು ತಿಂಗಳ ಸಿಟ್ಟೆಲ್ಲ ಒಟ್ಟಿಗೆ ಬಂತು. ಕಾವಲು ಹುಳ, ಕೆಲಸದ ಹುಳ ಎಂದೆಲ್ಲ ವಿವರಿಸುವ ತಾಳ್ಮೆ ಮುಗಿದಿತ್ತು. ಸ್ಕ್ರೂಡ್ರೈವರನ್ನು ಅವರ ಕೈಗೆ ಕೊಟ್ಟೆ.

"ನಿಮ್ಮ ಬೇವಿನ ತೊಲೆ. ನೀವೇ ಚುಚ್ಚಿ ನೋಡಿ. ಗೋಡೆ ಹತ್ರ."

ಅವರು ಸಿಟ್ಟಿನಲ್ಲೇ ಚುಚ್ಚಿದರು. ಕೈ ಮುಂದಕ್ಕೆ ಮುಗ್ಗರಿಸಿತು. ಇನ್ನೊಂದು ಕಡೆ ಚುಚ್ಚಿದರು. ಮತ್ತೊಂದು ಕಡೆ. ಮಣ್ಣು ಸುರಿದು ಅವರ ವಿಭೂತಿಯ ಮೇಲೆ ಬಿತ್ತು. ಮೇಲೆ ನೋಡಿದರು, ಮಂಚ ನೋಡಿದರು, ತೊಟ್ಟಿಲು ನೋಡಿದರು. ಗೋಡೆ ಹಿಡಿದುಕೊಂಡರು.

"ಆ ಗೋಡೆ ಮುಟ್ಬೇಡಿ, ಈಚೆ ಬನ್ನಿ," ಅಂದೆ.

ಹೊರಗೆ ಮಳೆ ಜೋರಾಗಿತ್ತು. ಜಗಲಿಗೆ ಇರಿಚಲು ಹೊಡೆಯುತ್ತಿತ್ತು. ಮಗಳು ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ಹಿರಿಯವರ ಹೆಂಡತಿ ಒಂದು ಸಲ ಗಂಡನನ್ನು ನೋಡಿದರು. ಆಮೇಲೆ ಮಗುವನ್ನು ಎತ್ತಿಕೊಂಡು, ಮಗಳ ಕೈ ಹಿಡಿದು, ಮೆಟ್ಟಿಲಿಳಿದು, ಸುತ್ತಿ ಹೋಗಿ, ಮೈದುನನ ಬಾಗಿಲ ಮುಂದೆ ನಿಂತರು. ಕೂಗಾಟ ಕೇಳಿ ಅವರು ಆಗಲೇ ಬಾಗಿಲಿಗೆ ಬಂದಿದ್ದರು.

"ಮಗೀಗೆ ಇರಿಚಲು ಹೊಡೀತೈತೆ, ಜರುಗಪ್ಪ," ಅಂದರು ಆಕೆ.

ಅವರು ಜರುಗಿದರು.

ನಾನು ಜಗಲಿಯ ಎದೆಮಟ್ಟದ ಗೋಡೆಯ ಮೇಲಿಂದಲೇ ಕಿರಿಯವರಿಗೆ, "ಆಸರೆ ಕೊಡಕ್ಕೆ ಗಟ್ಟಿ ಕಂಬ ಬೇಕು. ನಿಮ್ಮ ಹಿತ್ತಲಲ್ಲಿ ನೀಲಗಿರಿ ಕಂಬ ಅವೆ, ನಾನು ನೋಡಿದ್ದೀನಿ," ಅಂದೆ. ಅವು ಕೊಟ್ಟಿಗೆಗೆಂದು ತಂದಿಟ್ಟ ಕಂಬಗಳು. ಅವರು ಟವೆಲ್ಲು ತಲೆಗೆ ಸುತ್ತಿಕೊಂಡರು. ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಒಂದು ಕಂಬವನ್ನು ಹೆಗಲ ಮೇಲೆ ಹೊತ್ತು, ಹನ್ನೊಂದು ವರ್ಷ ಕಾಲಿಡದ ಬಾಗಿಲಿನಿಂದ ತಲೆ ತಗ್ಗಿಸಿ ಒಳಗೆ ಬಂದರು. ಕಂಬ ಉದ್ದವಿತ್ತು, ತಗ್ಗಿಸಲೇಬೇಕಿತ್ತು.

ಅಷ್ಟರಲ್ಲಿ ಜೊತೆಗಾರನೂ ಬಂದು ಸೇರಿದ. ಮೊದಲು ಆಸರೆ, ಆಮೇಲೆ ಕಾಯಿ. ಈ ಕ್ರಮ ತಪ್ಪಿದರೆ ಎಲ್ಲರೂ ಒಟ್ಟಿಗೆ ಹೋಗುತ್ತೇವೆ. ಗಟ್ಟಿ ಇರುವ ಜಾಗ ಎಲ್ಲಿ ಶುರುವಾಗುತ್ತದೆ ಎಂದು ತಟ್ಟಿ ಸೀಮೆಸುಣ್ಣದಲ್ಲಿ ಗೆರೆ ಹಾಕಿದೆ. ಗೆರೆಯ ಕೆಳಗೆ ನೇರ ಕಂಬ ನಿಲ್ಲಿಸಿ, ಬುಡಕ್ಕೆ ಹಲಗೆ ಹಾಕಿ, ತಲೆಗೆ ಬೆಣೆ ಹೊಡೆದೆವು. ಎರಡನೇ ಬೆಣೆ ಹೊಡೆಯುತ್ತಿರುವಾಗ ತೊಲೆ ಕಿರ್ ಎಂದು ಎರಡು ಬೆರಳಿನಷ್ಟು ಕುಸಿಯಿತು. ಮೇಲೆ ಕಾಯಿಗಳು ಗಡಗಡ ಉರುಳಿದವು. ನಾಲ್ಕೂ ಜನ ಕಂಬಕ್ಕೆ ಹೆಗಲು ಕೊಟ್ಟೆವು. ಕಂಬ ಹಿಡಿಯಿತು.

"ಇನ್ನೊಂದು ತರ್ತೀನಿ," ಎಂದು ಕಿರಿಯವರು ಓಡಿದರು.

ಕಾಯಿ ಇಳಿಸುವ ಕೆಲಸ ಸಂಜೆಯವರೆಗೂ ಆಯಿತು. ಅಟ್ಟದ ಅಡಿಕೆ ದಬ್ಬೆಯ ಮೇಲೆ ಗಟ್ಟಿ ಕಡೆಯಿಂದ ಜೊತೆಗಾರ ಹೊಟ್ಟೆಯ ಮೇಲೆ ತೆವಳಿ, ನಡುಗೋಡೆಯ ಕಡೆಯ ಕಾಯಿಗಳನ್ನು ಮೊದಲು ತೆಗೆದು ಕೊಡುತ್ತಿದ್ದ. ಏಣಿಯ ಮೇಲೆ ನಾನು. ಕೆಳಗೆ ಅಣ್ಣ, ತಮ್ಮ. ಹಿರಿಯವರು ಪ್ರತಿ ಕಾಯಿಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಗಿಟುಕು ಆಡುತ್ತಿದ್ದರೆ ಒಂದು ಕಡೆ, ಇನ್ನೂ ನೀರು ಆಡುತ್ತಿದ್ದರೆ ಇನ್ನೊಂದು ಕಡೆ ಇಡುತ್ತಿದ್ದರು. ಮುಕ್ಕಾಲು ಪಾಲು ನೀರಿನವೇ. ಅವನ್ನು ಈಗ ಎತ್ತಿ ಹಾಕಿ ಚಿಪ್ಪು ಬಿರಿದರೆ ಕೌಟು ಹಿಡಿದು ಹೋಗುತ್ತವೆ. ಬೆಚ್ಚಗಿನ, ಒಣ, ಗಾಳಿಯಾಡುವ ಅಟ್ಟ ಬೇಕು.

ತಮ್ಮನ ಕಡೆಯ ಅಟ್ಟ ಖಾಲಿ ಇತ್ತು. ಅವರು ಈ ವರ್ಷ ಎಳನೀರಿಗೇ ಮಾರಿದ್ದರು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಕಿರಿಯವರು ನನ್ನ ಕಡೆ ತಿರುಗಿ, "ನಮ್ಮ ಅಟ್ಟಕ್ಕೆ ಹಾಕ್ಬೇಕಾದ್ರೆ ಹಾಕ್ಲಿ ಅಂತ ಹೇಳಿ," ಅಂದರು.

ಅಣ್ಣ ಮೂರಡಿ ದೂರದಲ್ಲಿ ನಿಂತಿದ್ದರು.

"ಜೋರಾಗಿ ಎತ್ತಿ ಹಾಕ್ಬಾರ್ದು ಅಂತ ಹೇಳಿ," ಅಂದರು ಹಿರಿಯವರು, ಅವರೂ ನನಗೇ. "ಗಾಳಿಯಾಡಂಗೆ ಹರಡ್ಬೇಕು ಅಂತ ಹೇಳಿ."

"ನಂಗೆ ಕಾಯಿ ಹರಡಕ್ಕೆ ಬತ್ತದೆ ಅಂತ ಹೇಳಿ."

ಏಣಿಯ ಮೇಲೆ ನಿಂತು, ಎರಡೂ ಕೈಯಲ್ಲಿ ಕಾಯಿ ಹಿಡಿದುಕೊಂಡು, ಬೆವರು ಕಣ್ಣಿಗೆ ಇಳಿಯುತ್ತಿರುವಾಗ ನಾನು ಇವರಿಬ್ಬರ ಟಪಾಲು ಒಯ್ಯಬೇಕಾಯಿತು. ಮೇಲಿನಿಂದ ಜೊತೆಗಾರ, "ನನ್ನ ಸೊಂಟ ಹೋಯ್ತು ಅಂತ್ಲೂ ಇಬ್ರಿಗೂ ಹೇಳು," ಅಂದ.

ಮರುದಿನ ಬೆಳಿಗ್ಗೆ ಅಟ್ಟ ಖಾಲಿ, ಕೋಣೆ ಖಾಲಿ. ನಡುಗೋಡೆಯನ್ನು ಅಡಿ ಅಡಿಗೂ ತಟ್ಟುತ್ತಾ ಬಂದೆ. ಗೋಡೆ ಒಳಗೆಲ್ಲ ಮಣ್ಣಿನದು, ಮೇಲೆ ಸಿಮೆಂಟು ಗಿಲಾವು. ಮಣ್ಣಿನ ಗೋಡೆಯಲ್ಲಿ ಗೆದ್ದಲಿಗೆ ಕೊಳವೆ ಕಟ್ಟುವ ಕಷ್ಟವೂ ಇಲ್ಲ. ಗೋಡೆಯೇ ಕೊಳವೆ. ಅದಕ್ಕೇ ಈ ಕೋಣೆಯಲ್ಲಿ ಕಣ್ಣಿಗೆ ಕಾಣುವ ಗುರುತು ಇರಲಿಲ್ಲ. ತಟ್ಟುತ್ತಾ ಹೋದ ಹಾಗೆ ಸದ್ದು ಒಂದು ಕಡೆ ಬದಲಾಯಿತು. ಅಲ್ಲಿಂದ ಎರಡೂವರೆ ಅಡಿಗೆ ಮತ್ತೆ ಬದಲಾಯಿತು. ಮೇಲಕ್ಕೆ ಆರಡಿಗೆ ಅಡ್ಡಲಾಗಿ ಡಬಡಬ. ಸೀಮೆಸುಣ್ಣದಲ್ಲಿ ಗೆರೆ ಎಳೆದು ಹಿಂದೆ ಸರಿದು ನೋಡಿದರೆ ಬಾಗಿಲಿನ ಆಕಾರ.

"ಇಲ್ಲಿ ಬಾಗಿಲಿತ್ತಾ?" ಎಂದು ಕೇಳಿದೆ.

ಅಣ್ಣ ಕಿಟಕಿ ನೋಡಿದರು. ತಮ್ಮ ನೆಲ ನೋಡಿದರು. ಹಿರಿಯವರ ಹೆಂಡತಿ, "ಇತ್ತು. ಪಾಲಾದಾಗ ಇಟ್ಟಿಗೆ ಇಟ್ಟು ಮುಚ್ಚಿದ್ರು," ಅಂದರು.

"ಚೌಕಟ್ಟು ತೆಗೆದಿದ್ರಾ?"

"ತೆಗೆಯಕ್ಕೆ ಯಾರಿಗೆ ತಾಳ್ಮೆ ಇತ್ತು? ಹಂಗೇ ಗಿಲಾವು ಹೊಡ್ಸಿದ್ರು."

ಹಳೆಯ ಮರದ ಚೌಕಟ್ಟನ್ನು ಮಣ್ಣಿನ ಗೋಡೆಯೊಳಗೆ ಬಿಟ್ಟು, ಎರಡೂ ಕಡೆ ಸಿಮೆಂಟಿನಿಂದ ಗಾಳಿ ಬೆಳಕು ಆಡದಂತೆ ಮುಚ್ಚಿ, ಅಣ್ಣನ ಕಡೆ ಪಕ್ಕದಲ್ಲೇ ಒಂದು ಬಚ್ಚಲು ಕಟ್ಟಿ ಅದರ ಪೈಪು ತೊಟ್ಟಿಕ್ಕಲು ಬಿಟ್ಟಿದ್ದರು. ಗೆದ್ದಲು ಸಾಕಬೇಕೆಂದು ಯಾರಾದರೂ ನನ್ನನ್ನು ಕೇಳಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ. ನನಗೆ ಸಿಟ್ಟು ಉಕ್ಕಿತು. ಅರ್ಧ ಸಿಟ್ಟು ನನ್ನ ಮೇಲೆಯೇ. ಮೊದಲ ದಿನ ಜಗಲಿಯ ಗೋಡೆ ನೋಡಿದಾಗ ಆಚೆ ಏನಿದೆ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಒಡೆಯಲು ಇಬ್ಬರ ಒಪ್ಪಿಗೆಯೂ ಬೇಕಿತ್ತು. "ಆಗಲ್ಲ ಅನ್ನೋರು ಈಗ್ಲೇ ಹೇಳಿ," ಎಂದು ಕೇಳಿ ಹತ್ತು ಎಣಿಸಿದೆ. ಯಾರೂ ಹೇಳಲಿಲ್ಲ. ಜೊತೆಗಾರ ಸುತ್ತಿಗೆ ಎತ್ತಿದ.

ಇಟ್ಟಿಗೆ ಉದುರಿದಂತೆ ಒಳಗಿದ್ದದ್ದು ಕಂಡಿತು. ಚೌಕಟ್ಟು ನಿಂತೇ ಇತ್ತು. ಹಳೆಯ ಹಸಿರು ಬಣ್ಣದ ಸಿಪ್ಪೆ ಮಾತ್ರ ಮರದ ಆಕಾರದಲ್ಲಿ ನಿಂತಿತ್ತು, ಒಳಗೆಲ್ಲ ಮಣ್ಣು. ಮುಟ್ಟಿದೊಡನೆ ಕುಸಿದು ಬಿತ್ತು. ಅದರ ಹಿಂದೆ ಬೂದು ಬಣ್ಣದ, ಸ್ಪಂಜಿನಂಥ ಗೂಡಿನ ತಟ್ಟೆಗಳು, ಒಂದರ ಮೇಲೊಂದು, ಅವುಗಳ ತುಂಬ ಬಿಳಿಯ ಹುಳ ಕುದಿಯುತ್ತಿದ್ದವು. ಅಲ್ಲಿಂದಲೇ ಒಂದು ದಾರಿ ತೊಲೆಯ ತುದಿಗೆ, ಒಂದು ದಾರಿ ಕ್ಯಾಲೆಂಡರಿಗೆ.

ಮುಂದಿನ ಕೆಲಸ ಮೂರು ದಿನ ಹಿಡಿಯಿತು. ಗೂಡಿನ ತಟ್ಟೆಗಳನ್ನೆಲ್ಲ ಬಗೆದು ದೂರ ಒಯ್ದು ಸುಟ್ಟೆವು. ತಮ್ಮನ ಅಟ್ಟದಲ್ಲಿದ್ದ ಕಾಯಿಗಳಿಗೆ ಟಾರ್ಪಾಲು ಹೊದಿಸಿ, ಆಮೇಲೆ ಗೋಡೆಯ ಎರಡೂ ಕಡೆ, ನೆಲದ ಎರಡೂ ಕಡೆ ಕೊರೆದು ಔಷಧಿ ಇಳಿಸಿದೆವು. ಬಚ್ಚಲಿನ ಪೈಪು ಬದಲಿಸಿದ್ದು ಜೊತೆಗಾರ. ತೊಲೆಯ ಜಾಗಕ್ಕೆ ಕಬ್ಬಿಣದ ತೊಲೆ ಬಂತು. ಔಷಧಿ ಹಾಕಿದ ಮನೆಯಲ್ಲಿ ಬಾಣಂತಿ, ಮಗು ಇರಬಾರದೆಂದು ಮಗಳನ್ನು ಚಿಕ್ಕನಾಯಕನಹಳ್ಳಿಯ ಚಿಕ್ಕಮ್ಮನ ಮನೆಗೆ ಕಳಿಸಿದರು. ಆಟೋ ಹತ್ತಿಸಲು ಎರಡೂ ಕಡೆಯವರು ಬಂದಿದ್ದರು, ಬೇರೆ ಬೇರೆ ಮೆಟ್ಟಿಲು ಇಳಿದು.

ಒಡೆದ ಜಾಗವನ್ನು ಮುಚ್ಚಿಸುತ್ತಾರೋ ಬಾಗಿಲನ್ನೇ ಇಡಿಸುತ್ತಾರೋ ಎಂದು ನನಗೆ ಸಣ್ಣ ಕುತೂಹಲ ಇತ್ತು. ಮುಚ್ಚಿಸಿದರು. ಅದೂ ಹೇಗೆ? ಅಣ್ಣ ತನ್ನ ಕಡೆಯ ಗಿಲಾವಿಗೆ ಒಬ್ಬ ಗಾರೆಯವನನ್ನು ಕರೆಸಿದರು, ತಮ್ಮ ತನ್ನ ಕಡೆಗೆ ಇನ್ನೊಬ್ಬನನ್ನು. ಒಂದೇ ಗೋಡೆಗೆ ಇಬ್ಬರು ಗಾರೆಯವರು. ನಾನು ಮರದ ಚೂರೊಂದೂ ಒಳಗೆ ಉಳಿದಿಲ್ಲವೆಂದು ಎರಡೂ ಕಡೆ ನೋಡಿ ಮನೆಗೆ ಬಂದೆ. ಆ ದಿನ ಹೆಂಡತಿಯ ಹತ್ತಿರ ಈ ಮನುಷ್ಯರನ್ನು ಎಷ್ಟು ಹೊತ್ತು ಬೈದೆನೋ!

ತಿಂಗಳು ಕಳೆದು ಪರೀಕ್ಷೆಗೆ ಹೋದೆ. ಎರಡೂ ಕಡೆ ಗೋಡೆ ತಟ್ಟಿದೆ, ಚೌಕಟ್ಟು ತಟ್ಟಿದೆ, ಕ್ಯಾಲೆಂಡರ್ ಎತ್ತಿದೆ. ಎಲ್ಲೂ ಮಣ್ಣಿಲ್ಲ. ಕಿರಿಯವರಿಗೆ ಅದರಲ್ಲಿ ಆಸಕ್ತಿಯೇ ಇದ್ದಂತಿರಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದರು.

"ಗೆದ್ದಲು ಹೋಯ್ತು ಬುಡಿ. ಆ ಕಾಯಿ ನಮ್ಮ ಅಟ್ಟದ ಮೇಲೇ ಅವೆ. ದಿನಾ ಹತ್ತಿ ನಾನೇ ಹೊರಳಿಸ್ತಾ ಇದ್ದೀನಿ. ಯಾವಾಗ ಇಳಿಸ್ಕೊಂತಾನೆ ಅಂತ ಒಂದು ಮಾತು ಹೋಗಿ ಕೇಳ್ಕಂಡು ಬನ್ನಿ."

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ನಾನು ಹೋಗಲ್ಲ ಯಜಮಾನ್ರೇ. ಗೆದ್ದಲಿಗೆ ಬಂದವನು ನಾನು, ಗೆದ್ದಲು ಮುಗೀತು. ಗೋಡೆ ಐತಲ್ಲ, ಕೂಗಿ. ಕೇಳ್ತದೆ."

ಅವರು ನನ್ನನ್ನು ದುರುಗುಟ್ಟಿ ನೋಡಿದರು. ಸಾಮಾನು ಚೀಲಕ್ಕೆ ತುಂಬಿಕೊಂಡೆ. ಇನ್ನೇನು ಹೊಸ್ತಿಲು ದಾಟಬೇಕು, ಹಿಂದಿನಿಂದ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ನಡುಗೋಡೆಗೆ ಮುಖ ಕೊಟ್ಟು ಒಂದು ಕೂಗು.

"ಅಣ್ಣಾ! ಕಾಯಿ ಯಾವಾಗ ಇಳಿಸ್ಬೇಕು?"

ಆ ಕಡೆ ಯಾರೋ ಗೋಡೆಯ ಹತ್ತಿರ ಬಂದ ಹೆಜ್ಜೆಸದ್ದು. ನಾನೂ ನಿಂತೆ. ಆಮೇಲೆ ಗೋಡೆಯೊಳಗಿಂದ ಬಂದ ಹಾಗೆ, ನನ್ನಷ್ಟೇ ರೇಗಿದ ದನಿಯಲ್ಲಿ ಉತ್ತರ ಬಂತು.

"ದೀಪಾವಳಿ ಆಗ್ಲಿ ತಡಿಯೋ! ಈಗ್ಲೇ ಮುಟ್ಬೇಡ ಕಣ್ಲಾ!"

"ಸರಿ!" ಎಂದು ಕೂಗಿದ ಕಿರಿಯವರು ನನ್ನ ಕಡೆ ತಿರುಗಿ, "ದೀಪಾವಳಿ ಆಗ್ಲಿ ಅಂತೆ," ಅಂದರು, ನನಗೆ ಕೇಳಿಸಿರಲಿಕ್ಕಿಲ್ಲ ಎಂಬಂತೆ.